ಕಣ್ಣ ಕೆಳಗಿನ ಕಪ್ಪು

ಮನುಷ್ಯನ ಮುಖದಲ್ಲಿ ಇತರರು ಅಪ್ಪಣೆ ಕೇಳದೆ ಓದಬಹುದೆಂದು ತಿಳಿದುಕೊಂಡಿರುವ ಒಂದು ಜಾಗವುಂಟು. ಅದು ಕಣ್ಣಿನ ಕೆಳಗಿನ ಎರಡು ಬೆರಳಗಲದ ಚರ್ಮ. ಅಲ್ಲಿ ಒಂದಿಷ್ಟು ಕಪ್ಪು ಕಂಡಿತೋ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತವರು, "ಯಾಕೆ, ರಾತ್ರಿ ನಿದ್ದೆ ಇಲ್ಲವೇ?" ಎಂದು ಶುರುಮಾಡುತ್ತಾರೆ. ವಿದ್ಯಾರ್ಥಿಯಾದರೆ ಓದು ಹೆಚ್ಚಾಯಿತು ಎನ್ನುತ್ತಾರೆ. ಇಲ್ಲವೇ ಓದು ಬಿಟ್ಟು ಬೇರೇನೋ ಹೆಚ್ಚಾಯಿತು ಎನ್ನುತ್ತಾರೆ. ಹೊಸ ಸೊಸೆಯಾದರೆ ಅತ್ತೆಮನೆಯ ಕಷ್ಟ, ಅಳಿಯನಾದರೆ ಕೈಸಾಲ. ಹೆಣ್ಣು ನೋಡಲು ಬಂದವರು ಮಾತನಾಡದೆ ಹೋದರೂ ಮನೆಗೆ ಹೋದ ಮೇಲೆ ಆ ಮಾತು ಎತ್ತದೆ ಬಿಡುವುದಿಲ್ಲ.

ನಮ್ಮ ಮನೆತನದಲ್ಲಿ ಈ ಕಪ್ಪು ಮೂರು ತಲೆಮಾರಿನಿಂದ ನಡೆದುಕೊಂಡು ಬಂದಿದೆ. ನನ್ನ ತಾತ ದೀಪ ಹಚ್ಚಿದ ಗಂಟೆಯೊಳಗೆ ಊಟ ಮುಗಿಸಿ ಮಲಗುತ್ತಿದ್ದವರಂತೆ. ಆದರೂ ಭಾವಚಿತ್ರದಲ್ಲಿ ವಾರಗಟ್ಟಲೆ ನಿದ್ದೆಗೆಟ್ಟವರ ಹಾಗೆ ಕಾಣುತ್ತಾರೆ. ಹೀಗಾಗಿ, ಈ ಕಪ್ಪಿಗೆ ಜನ ಯಾವ ಯಾವ ಕಾಲದಲ್ಲಿ ಏನು ಕಾರಣ ಕೊಟ್ಟರು, ಅದನ್ನು ಕಳೆಯಲು ಏನೇನು ಹಚ್ಚಿದರು ಎಂದು ಹುಡುಕುವ ಚಪಲ ನನಗೆ ಹತ್ತಿದ್ದು ಸಹಜವೇ. ಹುಡುಕುತ್ತ ಹೋದಂತೆ ನನಗೆ ಕಂಡದ್ದು ಇಷ್ಟು: ಬಹುಕಾಲ ಜನ ಕೇಳಿದ್ದು "ಇವನು ಏನು ಮಾಡಿಕೊಂಡ?" ಎಂದು. "ಈ ಕಪ್ಪು ಯಾವ ಪದಾರ್ಥದ್ದು?" ಎಂದು ಕೇಳಿದ್ದು ಈಚೆಗೆ. ಎರಡನೆಯ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಔಷಧದ ವ್ಯಾಪಾರ ಭರದಿಂದ ಸಾಗಿತ್ತು.

ನಮ್ಮ ಪ್ರಾಚೀನರ ಮಾತನ್ನು ಮೊದಲು ನೋಡೋಣ. ಸುಶ್ರುತಸಂಹಿತೆಯ ನಿದಾನಸ್ಥಾನದ 13ನೆಯ ಅಧ್ಯಾಯ ಕ್ಷುದ್ರರೋಗಗಳದು. ಕ್ಷುದ್ರವೆಂದರೆ ಪ್ರಾಣಕ್ಕೆ ಎರವಾಗದ, ಆದರೆ ಕನ್ನಡಿಯ ಮುಂದೆ ನಿಂತಾಗ ಮನಸ್ಸಿಗೆ ಕಿರಿಕಿರಿಯಾಗುವಂಥ ಬಾಧೆಗಳು: ಯೌವನದ ಮೊಡವೆ, ಅಕಾಲದ ನರೆ, ಕೂದಲುದುರುವುದು ಇತ್ಯಾದಿ. ಅವುಗಳ ನಡುವೆ ವ್ಯಂಗವೆಂಬುದು ಬರುತ್ತದೆ. ಕೋಪದಿಂದಲೂ ಆಯಾಸದಿಂದಲೂ ಕೆರಳಿದ ವಾಯು ಪಿತ್ತದ ಜೊತೆಗೂಡಿ ಮುಖಕ್ಕೆ ಬಂದು ಒಂದು ಮಂಡಲವನ್ನು ಮೂಡಿಸುತ್ತದೆ. ಅದಕ್ಕೆ ನೋವಿಲ್ಲ, ದಪ್ಪವಿಲ್ಲ, ಬಣ್ಣ ಮಾತ್ರ ಕಪ್ಪು ಛಾಯೆಯದು. ಇಂದಿನ ವೈದ್ಯರು ಇದನ್ನು ಕೆನ್ನೆಯ ಮೇಲೆ ಹರಡುವ ಕಂದುಕಲೆಗೆ ಹೊಂದಿಸುವುದೇ ವಾಡಿಕೆ. ನಮ್ಮ 'ಬಂಗು' ಎಂಬ ಮಾತು ಈ ವ್ಯಂಗದಿಂದಲೇ ಬಂದಿರಬೇಕೆಂದು ನನ್ನ ಊಹೆ. ಆದರೆ ಮುಖದ ಮೇಲೆ ನೋವಿಲ್ಲದ ತೆಳುವಾದ ಕಪ್ಪು ಮಂಡಲ ಎಂದ ಮೇಲೆ, ಕಣ್ಣ ಕೆಳಗಿನದೂ ಆ ಮಾತಿನೊಳಗೆ ಬರುತ್ತದೆ.

ನನಗೆ ಹೆಚ್ಚು ಕುತೂಹಲವೆನಿಸಿದ್ದು ಇನ್ನೊಂದು ಸಂಗತಿ. ಅದೇ ಗ್ರಂಥದ ಉತ್ತರತಂತ್ರದಲ್ಲಿ 76 ನೇತ್ರರೋಗಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ರೆಪ್ಪೆಗೆ ಬರುವ ರೋಗಗಳು 21. ಆ 21ರಲ್ಲಿ ಶ್ಯಾವವರ್ತ್ಮವೆಂಬುದು ಒಂದು. ಒಳಗೂ ಹೊರಗೂ ರೆಪ್ಪೆ ಕಪ್ಪಾಗಿ, ಊದಿಕೊಂಡು, ನೋಯುವ ಬೇನೆ ಅದು. ಎಂದರೆ ನೋವು ಬಾವುಗಳಿಂದ ಕೂಡಿದ ಕಪ್ಪು ಒಂದು ಬಗೆ, ಯಾವ ತೊಂದರೆಯನ್ನೂ ಕೊಡದೆ ಸುಮ್ಮನೆ ಕುಳಿತ ಕಪ್ಪು ಇನ್ನೊಂದು ಬಗೆ ಎಂಬ ವಿವೇಚನೆ ಆಗಲೇ ನಡೆದಿತ್ತು. ಮೊದಲನೆಯದು ಕಣ್ಣಿನ ವೈದ್ಯನ ಪಾಲು, ಎರಡನೆಯದು ಕ್ಷುದ್ರ. ಇಂದಿಗೂ ಆಸ್ಪತ್ರೆಯಲ್ಲಿ ಮೊದಲು ಕೇಳುವ ಪ್ರಶ್ನೆ ಇದೇ. ಬಿದ್ದು ತಲೆಗೆ ಪೆಟ್ಟಾದ ಮೇಲೆ ಎರಡು ಕಣ್ಣಿನ ಸುತ್ತಲೂ ಕಪ್ಪುಗಟ್ಟಿದರೆ ಅದು ತಲೆಬುರುಡೆಯ ತಳ ಬಿರಿದುದರ ಗುರುತಾಗಬಹುದು. ಆಗ ಲೇಪ ಹುಡುಕುತ್ತ ಕೂರುವಂತಿಲ್ಲ.

ವ್ಯಂಗಕ್ಕೆ ಸುಶ್ರುತ ಹೇಳುವ ಚಿಕಿತ್ಸೆ ಮೊದಲು ಸಿರೆಯನ್ನು ಬಿಡಿಸಿ ರಕ್ತ ತೆಗೆಯುವುದು, ಆಮೇಲೆ ಸಮುದ್ರಫೇನದಿಂದ ಉಜ್ಜುವುದು, ಆಮೇಲೆ ಆಲ ಅತ್ತಿಗಳಂಥ ಹಾಲುಮರಗಳ ತೊಗಟೆಯನ್ನು ಹಾಲಿನಲ್ಲಿ ಅರೆದು ಹಚ್ಚುವುದು. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಕುಂಕುಮಾದಿ ತೈಲ ಬರುತ್ತದೆ. ಕೇಸರಿ ಹಾಕಿ ಕಾಯಿಸಿದ ಆ ಎಣ್ಣೆ ಇವತ್ತಿಗೂ ಗಾಜಿನ ಸೀಸೆಯಲ್ಲಿ ಮಾರಾಟವಾಗುತ್ತಿದೆ. ನಮ್ಮ ಮನೆಗಳಲ್ಲಿ ಅಜ್ಜಿಯರು ಜಾಯಿಕಾಯಿಯನ್ನು ಹಾಲಿನಲ್ಲಿ ತೇದು ಹಚ್ಚುತ್ತಿದ್ದುದೂ ಇದೇ ಜಾಡಿನದು. ಸಿರೆ ಬಿಡಿಸುವುದೊಂದನ್ನು ಬಿಟ್ಟರೆ ಇವುಗಳಿಂದ ಯಾರಿಗೂ ದೊಡ್ಡ ಹಾನಿಯಾಗಿರಲಾರದು. ಮುಂದೆ ಬಂದ ಔಷಧಗಳ ಬಗ್ಗೆ ಈ ಮಾತು ಹೇಳುವಂತಿಲ್ಲ.

ಕಣ್ಣಿನ ಸುತ್ತ ಕಪ್ಪಿದ್ದರೆ ನಾಚಿಕೆಪಡಬೇಕು ಎಂಬುದು ಸಾರ್ವಕಾಲಿಕವಾದ ಭಾವನೆಯೇನಲ್ಲ ಎಂಬುದಕ್ಕೆ ಕಾಡಿಗೆಯೇ ಸಾಕ್ಷಿ. ಪ್ರಾಚೀನ ಈಜಿಪ್ಟಿನಲ್ಲಿ ಗಂಡಸರು ಹೆಂಗಸರೆನ್ನದೆ ಕಣ್ಣಿಗೆ ದಟ್ಟವಾಗಿ ಕಪ್ಪು ಬಳಿದುಕೊಳ್ಳುತ್ತಿದ್ದರು. ಅದು ಗೆಲೀನವೆಂಬ ಸೀಸದ ಅದಿರಿನ ಪುಡಿ. ಗೋರಿಗಳಲ್ಲಿ ಸಿಕ್ಕ ಭರಣಿಗಳ ತಳದಲ್ಲಿ ಉಳಿದಿದ್ದ ಪುಡಿಯನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞರು ಪರೀಕ್ಷಿಸಿ 1999ರಲ್ಲಿ ಒಂದು ಸೋಜಿಗವನ್ನು ಪ್ರಕಟಿಸಿದರು: ಅದರಲ್ಲಿದ್ದ ಸೀಸದ ಎರಡು ಲವಣಗಳು ನಿಸರ್ಗದಲ್ಲಿ ಆ ಪ್ರಮಾಣದಲ್ಲಿ ಸಿಗುವಂಥವಲ್ಲ, ಕೈಯಾರೆ ತಯಾರಿಸಿದವು. 2010ರಲ್ಲಿ ಅದೇ ತಂಡದವರು, ಬಹಳ ಅಲ್ಪ ಪ್ರಮಾಣದ ಸೀಸ ತಾಕಿದಾಗ ಚರ್ಮದ ಕೋಶಗಳು ನೈಟ್ರಿಕ್ ಆಕ್ಸೈಡನ್ನು ಹೆಚ್ಚಾಗಿ ಹೊರಡಿಸುತ್ತವೆಂದು ತೋರಿಸಿದರು. ಅದು ರೋಗಾಣುಗಳ ವಿರುದ್ಧ ದೇಹ ಎಬ್ಬಿಸುವ ಎಚ್ಚರಿಕೆಯ ಒಂದು ಭಾಗ. ನೈಲ್ ತೀರದ ಕಣ್ಣುಬೇನೆಗೆ ಅದು ಮದ್ದಾಗಿಯೂ ಇದ್ದೀತು. ಹಾಗೆಂದು ಸೀಸವನ್ನು ಕಣ್ಣಿಗೆ ಹಚ್ಚಿಕೊಳ್ಳಬೇಕೆಂದಲ್ಲ. ಅದು ದೇಹದಲ್ಲಿ ಸೇರಿ ಉಳಿಯುವ ವಿಷ, ಮಕ್ಕಳಿಗಂತೂ ಬಹಳ ಕೆಟ್ಟದ್ದು. ನಮ್ಮ ಹಳೆಯ ಮನೆಗಳಲ್ಲಿ ಹರಳೆಣ್ಣೆಯ ದೀಪದ ಮೇಲೆ ತಟ್ಟೆ ಬೋರಲು ಹಾಕಿ ಹಿಡಿಯುತ್ತಿದ್ದ ಕಾಡಿಗೆ ಬರಿಯ ಮಸಿ. ಕಲ್ಲಿನಂತೆ ಮಿನುಗುವ ಸುರ್ಮಾದ ಜಾತಿಯೇ ಬೇರೆ. ಅಂಗಡಿಯಲ್ಲಿ ಕೊಳ್ಳುವವರು ಈ ಎರಡನ್ನೂ ಒಂದೇ ಎಂದು ತಿಳಿಯಬಾರದು.

ನಾವೇ ಬಳಿದುಕೊಂಡರೆ ಅಲಂಕಾರವಾಗುವ ಕಪ್ಪು, ತಾನಾಗಿ ಬಂದರೆ ಅಪವಾದವಾದದ್ದು ಹೇಗೆ? ಇದರಲ್ಲಿ ಯೂರೋಪಿನ ಪಾಲು ದೊಡ್ಡದು. ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ವೈದ್ಯ ಟಿಸ್ಸೋ ಎಂಬಾತ 1760ರಲ್ಲಿ ಫ್ರೆಂಚಿನಲ್ಲಿ ಒಂದು ಪುಸ್ತಕ ಹೊರತಂದ. ಹುಡುಗರ ಏಕಾಂತದ ಚಟದಿಂದ ದೇಹ ಹೇಗೆ ಕ್ಷಯಿಸುತ್ತದೆ ಎಂಬುದು ಅದರ ವಿಷಯ. ಆತ ಧರ್ಮಗುರುವಲ್ಲ, ಹೆಸರಾಂತ ವೈದ್ಯ. ಆದ್ದರಿಂದಲೇ ಅವನ ಮಾತಿಗೆ ಶಾಸ್ತ್ರದ ಮುದ್ರೆ ಬಿತ್ತು. ಪುಸ್ತಕ ಹಲವು ಭಾಷೆಗಳಿಗೆ ಹೋಯಿತು, ಅನುಕರಣೆಗಳು ಹುಟ್ಟಿದವು. ಮುಂದಿನ ಶತಮಾನದ ಇಂಥ ಬರಹಗಳಲ್ಲಿ ಗುಳಿಬಿದ್ದ ಕಣ್ಣು, ಅದರ ಸುತ್ತ ಕಪ್ಪು ಬಳೆ ಎಂಬುದು ತಪ್ಪಿತಸ್ಥನ ಹಣೆಯ ಬರಹದಂತಾಯಿತು. ಪಾಠಶಾಲೆಯ ಉಪಾಧ್ಯಾಯರೂ ತಂದೆತಾಯಿಯರೂ ಹುಡುಗರ ಮುಖದಲ್ಲಿ ಅದನ್ನು ಹುಡುಕತೊಡಗಿದರು. ಆ ಕಲ್ಪನೆ ಹಡಗು ಹತ್ತಿ ನಮ್ಮಲ್ಲಿಗೂ ಬಂದು, ನಮ್ಮಲ್ಲಿ ಮೊದಲೇ ಇದ್ದ ಧಾತುಕ್ಷಯದ ಭಯದೊಡನೆ ಬೆರೆತುಕೊಂಡಿತು. ರೈಲುದಾರಿಯ ಪಕ್ಕದ ಗೋಡೆಗಳ ಮೇಲೆ 'ಯುವಕರೇ, ನಿರಾಶರಾಗಬೇಡಿ' ಎನ್ನುವ ಧಾಟಿಯ ಬರಹಗಳನ್ನು ಓದದೆ ಯಾರು ತಾನೇ ಪ್ರಯಾಣ ಮಾಡಿದ್ದಾರೆ? ನನ್ನ ಹಾಸ್ಟೆಲಿನ ದಿನಗಳಲ್ಲಿ ಗೆಳೆಯನೊಬ್ಬ ಕಣ್ಣ ಕೆಳಗಿನ ಕಪ್ಪನ್ನು ಕಂಡು ಹೆದರಿ, ಊಟದ ದುಡ್ಡು ಉಳಿಸಿ ಅಂಥ ಲೇಹ್ಯವೊಂದನ್ನು ಅಂಚೆಯಲ್ಲಿ ತರಿಸಿ ಮೂರು ತಿಂಗಳು ತಿಂದ. ಅವನಿಗೆ ವರ್ಷವಿಡೀ ನೆಗಡಿ, ಬೆಳಗಾದರೆ ಇಪ್ಪತ್ತು ಸೀನು. ಆ ಸೀನಿಗೂ ಕಪ್ಪಿಗೂ ಸಂಬಂಧವಿರಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಆ ಸಂಬಂಧವನ್ನು ಗುರುತಿಸಿದವರಲ್ಲಿ ಮೇಯರ್ ಮಾರ್ಕ್ಸ್ ಎಂಬ ಅಮೆರಿಕದ ವೈದ್ಯರ ಹೆಸರು ಮುಖ್ಯವಾದದ್ದು. ಅಲರ್ಜಿಯ ಮಕ್ಕಳ ಕೆಳರೆಪ್ಪೆಯ ಕೆಳಗೆ ಕಾಣುವ ನೀಲಿಗಪ್ಪಿನ ಬಗ್ಗೆ ಅವರು 1963ರಲ್ಲಿ ಒಂದು ಲೇಖನ ಬರೆದರು. ಮೂಗಿನೊಳಗಿನ ಪೊರೆ ಊದಿಕೊಂಡಾಗ ಕಣ್ಣ ಕೆಳಗಿಂದ ಇಳಿದು ಹೋಗಬೇಕಾದ ಸಿರೆಯ ರಕ್ತಕ್ಕೆ ದಾರಿ ಇಕ್ಕಟ್ಟಾಗುತ್ತದೆ. ರಕ್ತ ಅಲ್ಲೇ ತಂಗುತ್ತದೆ. ರೆಪ್ಪೆಯ ಚರ್ಮ ಇಡೀ ಶರೀರದಲ್ಲೇ ಅತಿ ತೆಳುವಾದದ್ದು, ಸುಮಾರು ಅರ್ಧ ಮಿಲಿಮೀಟರ್. ಅದರ ಕೆಳಗೆ ಕೊಬ್ಬಿನ ಪದರವೂ ಇಲ್ಲದಂತೆಯೇ. ತಂಗಿದ ರಕ್ತ ನೀಲಿಯಾಗಿ ಹೊರಗೆ ತೋರುತ್ತದೆ. ಜೊತೆಗೆ ತುರಿಕೆ, ಮಗು ಕಣ್ಣುಜ್ಜುತ್ತದೆ, ಉಜ್ಜಿ ಉಜ್ಜಿ ಚರ್ಮ ನಿಜವಾಗಿಯೂ ಕಪ್ಪಾಗುತ್ತದೆ. ಅಂಥ ಮಗುವಿಗೆ ಬೇಕಾದದ್ದು ಮೂಗಿನ ಚಿಕಿತ್ಸೆ.

ಆರು ವರ್ಷ ಕಳೆದು, 1969ರಲ್ಲಿ ಗುಡ್‌ಮನ್ ಮತ್ತು ಬೆಲ್ಚರ್ ಎಂಬ ಇಬ್ಬರು ಚರ್ಮರೋಗದ ಪತ್ರಿಕೆಯೊಂದರಲ್ಲಿ ಬರೆದ ಲೇಖನದ ತಲೆಬರಹವೇ ಕಣ್ಣಿನ ಸುತ್ತಲಿನ ಕಪ್ಪನ್ನು 'ಕಡೆಗಣಿಸಲ್ಪಟ್ಟ ಆನುವಂಶಿಕ ವರ್ಣದೋಷ' ಎಂದು ಕರೆಯಿತು. ಇದು ನಮ್ಮ ತಾತನ ಜಾತಿಯ ಕಪ್ಪು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಅಲ್ಲಿ ಹುಟ್ಟಿನಿಂದಲೇ ಹೆಚ್ಚಾಗಿ ಕೂಡಿಕೊಳ್ಳುವ ಸ್ವಭಾವ ಮನೆತನದಲ್ಲಿ ಇಳಿದು ಬರುತ್ತದೆ. 'ದೋಷ' ಎಂಬ ಮಾತಿಗೆ ನನ್ನ ತಕರಾರಿದೆ. ಆದರೂ 'ಕಡೆಗಣಿಸಲ್ಪಟ್ಟ' ಎಂದರಲ್ಲ, ಅದಕ್ಕಾಗಿ ಅವರಿಗೆ ನಾನು ಕೃತಜ್ಞ.

ಮೂರನೆಯದಕ್ಕೆ ಬಣ್ಣವೇ ಇಲ್ಲ. ಅದು ಬರಿಯ ನೆರಳು. ವಯಸ್ಸಾದಂತೆ ಕೆನ್ನೆಯ ಕೊಬ್ಬು ಜಾರಿ ರೆಪ್ಪೆಗೂ ಕೆನ್ನೆಗೂ ನಡುವೆ ಒಂದು ಕಾಲುವೆ ಮೂಡುತ್ತದೆ. ಕೆಲವರಿಗೆ ಮೂಳೆಯ ರಚನೆಯಿಂದ ಚಿಕ್ಕವಯಸ್ಸಿಗೇ ಇರುತ್ತದೆ. ಮೇಲಿನಿಂದ ಬೆಳಕು ಬಿದ್ದಾಗ ಆ ಕಾಲುವೆಯಲ್ಲಿ ನೆರಳು ನಿಲ್ಲುತ್ತದೆ. ಇವುಗಳಲ್ಲಿ ತನ್ನದು ಯಾವುದೆಂದು ತಿಳಿಯಬಯಸುವವರು ಕಿಟಕಿಯ ಬಳಿ ಕನ್ನಡಿ ಹಿಡಿದು ನೋಡಬಹುದು. ಮುಖವನ್ನು ಬೆಳಕಿಗೆ ನೇರವಾಗಿ ಎತ್ತಿದಾಗ ಮಾಯವಾದರೆ ನೆರಳು. ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಎಳೆದಾಗ ನೀಲಿ ಇನ್ನಷ್ಟು ಎದ್ದು ಕಂಡರೆ ರಕ್ತ. ಎಳೆದರೂ ಬಿಟ್ಟರೂ ಕಂದು ಹಾಗೆಯೇ ಇದ್ದರೆ ಮೆಲನಿನ್. ಎಷ್ಟೋ ಮುಖಗಳಲ್ಲಿ ಮೂರೂ ಸೇರಿರುತ್ತವೆ. ರಕ್ತಹೀನತೆ ಇದೆಯೇ ಎಂಬುದನ್ನು ಮಾತ್ರ ಈ ಕಪ್ಪಿನಿಂದ ಊಹಿಸುವುದು ಬೇಡ, ಅದಕ್ಕೆ ರಕ್ತಪರೀಕ್ಷೆಯಿದೆ.

ಹಾಗಾದರೆ ನಿದ್ದೆಯ ಮಾತು ಸುಳ್ಳೇ? ಸುಳ್ಳಲ್ಲ. ಸ್ವೀಡನ್ನಿನ ಸಂಶೋಧಕರು ಹತ್ತು ಜನರ ಭಾವಚಿತ್ರವನ್ನು ಚೆನ್ನಾಗಿ ನಿದ್ದೆ ಮಾಡಿಸಿ ಒಮ್ಮೆ, 31 ಗಂಟೆ ಎಚ್ಚರವಿರಿಸಿ ಒಮ್ಮೆ ತೆಗೆದು, ವಿಷಯ ಗೊತ್ತಿಲ್ಲದ 40 ಜನರಿಗೆ ತೋರಿಸಿದರು. ನಿದ್ದೆಗೆಟ್ಟ ಮುಖಗಳಲ್ಲಿ ಕಣ್ಣ ಕೆಳಗೆ ಕಪ್ಪು ಹೆಚ್ಚು ಎಂದೇ ನೋಡಿದವರು ಹೇಳಿದರು. ಇದು ಪ್ರಕಟವಾದದ್ದು 2013ರಲ್ಲಿ. ಮರುವರ್ಷ ಗುಜರಾತಿನ ವೈದ್ಯರು ಈ ಕಪ್ಪಿಗಾಗಿಯೇ ಬಂದ 200 ಜನರನ್ನು ಪರೀಕ್ಷಿಸಿದ ವರದಿ ಬಂತು. ಹುಟ್ಟುಸ್ವಭಾವದ ಕಪ್ಪು ಅವರಲ್ಲಿ ಶೇಕಡಾ 51.5, ಉರಿಯೂತದ ನಂತರ ಉಳಿದದ್ದು 22.5. ಮನೆಯಲ್ಲಿ ಇನ್ನೊಬ್ಬರಿಗೂ ಇದೆ ಎಂದವರು ಶೇಕಡಾ 63, ನಿದ್ದೆ ಸಾಲದು ಎಂದವರು 40. ಪಂಕ್ತಿಯಲ್ಲಿ ಪಕ್ಕ ಕುಳಿತವರು "ನಿದ್ದೆ ಇಲ್ಲವೇ?" ಎನ್ನುವ ಬದಲು "ತಂದೆಯವರಿಗೂ ಹೀಗೆಯೇ ಇತ್ತೇ?" ಎಂದು ಕೇಳಿದ್ದರೆ ಸತ್ಯಕ್ಕೆ ಹೆಚ್ಚು ಹತ್ತಿರವಾಗುತ್ತಿತ್ತು.

ಇನ್ನು ಔಷಧದ ಕತೆ. 1939ರಲ್ಲಿ ಅಮೆರಿಕದಲ್ಲಿ ಚರ್ಮ ಹದಮಾಡುವ ಕಾರ್ಖಾನೆಯೊಂದರ ಕೂಲಿಗಳ ಕೈಯಲ್ಲಿ ಬಿಳಿಯ ಮಚ್ಚೆಗಳು ಎದ್ದವು. ಅವರಲ್ಲಿ ಹೆಚ್ಚಿನವರು ಕರಿಯ ಜನ. ವೈದ್ಯರು ತನಿಖೆ ಮಾಡಿದಾಗ ಅವರು ಹಾಕಿಕೊಳ್ಳುತ್ತಿದ್ದ ರಬ್ಬರಿನ ಕೈಗವಸಿನಲ್ಲಿ ಅಪರಾಧಿ ಸಿಕ್ಕಿತು. ರಬ್ಬರು ಬೇಗ ಹಾಳಾಗದಿರಲೆಂದು ಅದಕ್ಕೆ ಸೇರಿಸಿದ್ದ ಹೈಡ್ರೋಕ್ವಿನೋನಿನ ಬಂಧುವೊಂದು ಚರ್ಮದ ಬಣ್ಣವನ್ನು ನುಂಗಿಹಾಕಿತ್ತು. ಕೂಲಿಗಳಿಗೆ ಅದು ಕೈಗೆ ಹತ್ತಿದ ಕೇಡು. ಬೇರೆಯವರು ಅದರಲ್ಲಿ ಒಂದು ಸರಕನ್ನು ಕಂಡರು. 1880ರಿಂದ ಫೋಟೋ ತೊಳೆಯುವವರ ಕತ್ತಲೆಕೋಣೆಯಲ್ಲಿದ್ದ ಹೈಡ್ರೋಕ್ವಿನೋನ್, ಮುಂದಿನ ದಶಕಗಳಲ್ಲಿ ಮುಖದ ಮುಲಾಮಾಗಿ ಹೊರಬಂತು.

ವೈದ್ಯರ ಕೈಯಲ್ಲಿ, ಕಡಿಮೆ ಪ್ರಮಾಣದಲ್ಲಿ, ಎಣಿಸಿದ ದಿನಗಳವರೆಗೆ ಅದು ಕೆಲಸಕ್ಕೆ ಬರುವ ಔಷಧವೇ. ಆದರೆ ದಕ್ಷಿಣ ಆಫ್ರಿಕದಲ್ಲಿ ವರ್ಣಭೇದದ ಕಾಲದಲ್ಲಿ ಅದು ಅಂಗಡಿ ಅಂಗಡಿಯಲ್ಲಿ ಮಾರಾಟವಾಯಿತು; ಬೆಳ್ಳಗಿದ್ದವನಿಗೆ ಮಾತ್ರ ಬದುಕಿದ್ದ ದೇಶದಲ್ಲಿ ಕಪ್ಪು ಜನ ಅದನ್ನು ವರ್ಷಗಟ್ಟಲೆ ಬಳಿದುಕೊಂಡರು. 1975ರಲ್ಲಿ ಅಲ್ಲಿನ ಫಿಂಡ್ಲೇ ಎಂಬ ಚರ್ಮವೈದ್ಯರೂ ಸಂಗಡಿಗರೂ ಅದರ ಫಲವನ್ನು ವರ್ಣಿಸಿದರು: ಕೆನ್ನೆಯ ಮೇಲೆ, ಕಣ್ಣಿನ ಸುತ್ತ ನೀಲಿಗಪ್ಪು ಗಂಟುಗಳು, ತೆಗೆಯಲಾಗದ ಕಲೆ. ಕಪ್ಪು ಕಳೆಯಲು ಹಚ್ಚಿದ್ದು ಹೋಗದ ಕಪ್ಪನ್ನು ತಂದಿತ್ತು.

ಅದೇ 1975ರಲ್ಲಿ ಅಮೆರಿಕದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಹೈಡ್ರೋಕ್ವಿನೋನಿಗೆ ಟ್ರೆಟಿನಾಯಿನ್, ಸ್ಟೀರಾಯ್ಡ್ ಎರಡನ್ನೂ ಬೆರೆಸಿದ ಸೂತ್ರವನ್ನು ಪ್ರಕಟಿಸಿದರು. ಅದರ ಮಕ್ಕಳು ಮೊಮ್ಮಕ್ಕಳು ನಮ್ಮ ಔಷಧದ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಸಿಗುತ್ತಿದ್ದ ಕಾಲವೊಂದಿತ್ತು. ನನ್ನ ತಂಗಿಯ ಮಗಳು ಮದುವೆ ಗೊತ್ತಾಗುವ ಮೊದಲು, ಕಣ್ಣ ಕೆಳಗಿನ ಕಪ್ಪಿಗೆಂದು ಅಂಥದೊಂದನ್ನು ಯಾರೋ ಹೇಳಿದರೆಂದು ಕೊಂಡಳು. ಎರಡು ವಾರ ಹೊಳಪು ಬಂತು, ಎಲ್ಲರೂ ಹೊಗಳಿದರು. ನಾಲ್ಕು ತಿಂಗಳಿಗೆ ಚರ್ಮ ಈರುಳ್ಳಿ ಸಿಪ್ಪೆಯಾಯಿತು, ಬಿಸಿಲಿಗೆ ಹೋದರೆ ಉರಿ, ಬಿಟ್ಟರೆ ಕೆಂಪು. ವೈದ್ಯರ ಬಳಿ ಕೂತು, "ಮಾವ, ಮೊದಲಿನ ಕಪ್ಪೇ ಎಷ್ಟೋ ವಾಸಿಯಾಗಿತ್ತು" ಎಂದಳು. 2018ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಬಿಗಿಗೊಳಿಸಿತು. ನಮ್ಮ ಹುಡುಗಿಗೆ ಆ ನಿಯಮ ತಡವಾಗಿ ಬಂತು.

ಪಾದರಸದ ಕತೆ ಇನ್ನೂ ಹಳೆಯದು, ಇನ್ನೂ ಮುಗಿದಿಲ್ಲ. ಮೆಲನಿನ್ ತಯಾರಾಗುವ ಕ್ರಿಯೆಯನ್ನೇ ಅದು ತಡೆಯುತ್ತದೆ, ಆದ್ದರಿಂದ ಫಲ ಬೇಗ ಕಾಣುತ್ತದೆ. ಆದರೆ ಚರ್ಮದಿಂದ ಇಳಿದು ಮೂತ್ರಪಿಂಡವನ್ನು ಹಿಡಿಯುತ್ತದೆ. 2013ರಲ್ಲಿ ಒಪ್ಪಿದ ಮಿನಮಾಟ ಒಡಂಬಡಿಕೆ, ಪಾದರಸ ಬೆರೆತ ಮುಖದ ಸಾಬೂನು ಮುಲಾಮುಗಳಿಗೆ 2020ರ ಗಡುವು ಹಾಕಿತು. ಓದುಗರು ಗಮನಿಸಬೇಕಾದ ಒಂದು ವಿನಾಯಿತಿ ಅದರಲ್ಲಿತ್ತು: ಬೇರೆ ಸುರಕ್ಷಿತ ಸಂರಕ್ಷಕ ಸಿಗದಿದ್ದಲ್ಲಿ ಕಣ್ಣಿನ ಭಾಗಕ್ಕೆ ಹಚ್ಚುವ ಪ್ರಸಾಧನಗಳಲ್ಲಿ ಪಾದರಸ ಇರಬಹುದು! ಶರೀರದ ಅತಿ ತೆಳುವಾದ ಚರ್ಮಕ್ಕೇ ಈ ಔದಾರ್ಯ. 2023ರಲ್ಲಿ ಜಿನೀವದಲ್ಲಿ ಸೇರಿದ ಸಭೆ ಆ ಬಾಗಿಲನ್ನೂ ಮುಚ್ಚಿ, ಪಾದರಸ ಸೇರಿಸಿದ ಎಲ್ಲ ಪ್ರಸಾಧನಗಳಿಗೂ 2025ರ ಗಡುವು ವಿಧಿಸಿತು. ಅಷ್ಟರಲ್ಲಿ ಕೇರಳದ ವೈದ್ಯರು ಒಂದು ವಿಚಿತ್ರವನ್ನು ಕಂಡಿದ್ದರು. 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ, ಮೂತ್ರಪಿಂಡದ ಸೋಸುವ ಪೊರೆ ಕೆಟ್ಟು ಮೂತ್ರದಲ್ಲಿ ಪ್ರೋಟೀನ್ ಸೋರುವ ಬೇನೆಯವರು 22 ಜನ ಬಂದರು. ಅವರಲ್ಲಿ 15 ಜನರದು ಅಪರೂಪದ ಒಂದೇ ಬಗೆ. ಆ 15ರಲ್ಲಿ 13 ಜನ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದವರು.

ವಿಷವಿಲ್ಲದ ದಾರಿಗಳೂ ಇವೆ, ಆದರೆ ಕಪ್ಪಿನ ಜಾತಿ ತಿಳಿದ ಮೇಲೆ. ಮೂಗಿನ ಅಲರ್ಜಿಗೆ ಚಿಕಿತ್ಸೆ ಮಾಡಿದರೆ ಮಕ್ಕಳ ನೀಲಿ ಇಳಿಯುತ್ತದೆ. ಮೆಲನಿನ್ ಕಪ್ಪು ಬಿಸಿಲಿಗೆ ಹೆಚ್ಚುತ್ತದೆ. ಛತ್ರಿ, ಅಗಲ ಅಂಚಿನ ಟೋಪಿ, ಬಿಸಿಲು ತಡೆಯುವ ಲೇಪ, ಇವು ಅದನ್ನು ಹೆಚ್ಚದಂತೆ ನೋಡಿಕೊಳ್ಳುತ್ತವೆ. ವೈದ್ಯರು ಕೊಡುವ ಲೇಪ ಅಥವಾ ಲೇಸರಿನಿಂದ ಕಡಿಮೆಯಾದೀತು, ಪೂರ್ತಿ ಅಳಿಸುವ ಭರವಸೆಯನ್ನು ಒಳ್ಳೆಯ ವೈದ್ಯರು ಕೊಡುವುದಿಲ್ಲ. ನೆರಳಿನ ಕಾಲುವೆಯನ್ನು ಹಯಲುರಾನಿಕ್ ಆಮ್ಲದ ಸೂಜಿಮದ್ದಿನಿಂದ ತುಂಬುತ್ತಾರೆ. ಆ ಪದಾರ್ಥವನ್ನು 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಮೊದಲು ಬೇರ್ಪಡಿಸಿದ್ದು ಹಸುವಿನ ಕಣ್ಣಿನಿಂದ. ಈಗ ಹೆಚ್ಚಾಗಿ ಸೂಕ್ಷ್ಮಜೀವಿಗಳಿಂದ ತಯಾರಿಸುತ್ತಾರೆ. ಅಪರೂಪಕ್ಕೆ ಅದು ರಕ್ತನಾಳದೊಳಕ್ಕೆ ಹೋದರೆ ದೃಷ್ಟಿಯೇ ಹೋಗುವ ಅಪಾಯವುಂಟು. ಪಳಗಿದ ವೈದ್ಯರ ಕೈಯಲ್ಲದೆ, ಅಲಂಕಾರದ ಅಂಗಡಿಯಲ್ಲಿ ಮಾಡಿಸಿಕೊಳ್ಳುವ ಕೆಲಸವಲ್ಲ.

ಉಳಿದದ್ದು ಸೌತೆಕಾಯಿ. ವಾರಪತ್ರಿಕೆಗಳ ಮಹಿಳಾ ವಿಭಾಗ ತಲೆಮಾರುಗಳಿಂದ ಬಿಡದೆ ಹೇಳಿಕೊಂಡು ಬಂದಿರುವ ಈ ಉಪಾಯವನ್ನು ನಾನೂ ಮಾಡಿ ನೋಡಿದ್ದೇನೆ. ತಂಪು ತಾಗಿದಾಗ ರಕ್ತನಾಳ ಕುಗ್ಗಿ, ಊತ ತುಸು ಇಳಿದು, ಗಂಟೆ ಎರಡು ಗಂಟೆ ಮುಖ ಹಗುರಾಗಿ ಕಾಣುತ್ತದೆ. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯೂ ಅಷ್ಟೇ ಮಾಡುತ್ತದೆ. ಎರಡು ಬಿಲ್ಲೆ ಕಣ್ಣಿಗೆ ಸಾಕು. ಮಿಕ್ಕದ್ದನ್ನು ಹೆಸರುಬೇಳೆಯ ಕೋಸಂಬರಿಗೆ ಹಾಕಬಹುದು.